ಒತ್ತಡದ ಮಾರಾಟ

ಒತ್ತಡದ ಮಾರಾಟ ಎಂದರೆ, ಕೊಳ್ಳುವವರಿಗೆ ಯೋಚಿಸಲು, ಬೇರೆಡೆ ವಿಚಾರಿಸಿ ನೋಡಲು ಅಥವಾ ಬೇಡವೆಂದು ಎದ್ದುಹೋಗಲು ಇರುವ ಅವಕಾಶವನ್ನು ಮಾರುವವರು ಉದ್ದೇಶಪೂರ್ವಕವಾಗಿ ಕುಗ್ಗಿಸಿ ವ್ಯವಹಾರವನ್ನು ಮುಗಿಸುವ ಪದ್ಧತಿ. ಇಂಗ್ಲಿಷಿನಲ್ಲಿ ಇದಕ್ಕೆ 'ಹಾರ್ಡ್ ಸೆಲ್', 'ಹೈ ಪ್ರೆಷರ್ ಸೇಲ್ಸ್' ಎಂಬ ಹೆಸರುಗಳಿವೆ. ವಂಚನೆಗೂ ಇದಕ್ಕೂ ವ್ಯತ್ಯಾಸವಿದೆ. ವಂಚನೆಯಲ್ಲಿ ಸುಳ್ಳು ಇರಲೇಬೇಕು. ಒತ್ತಡದ ಮಾರಾಟದಲ್ಲಿ ಆಡಿದ ಪ್ರತಿಯೊಂದು ಮಾತೂ ನಿಜವಾಗಿರಬಹುದು, ಸರಕು ಉತ್ತಮವಾಗಿರಬಹುದು, ಬೆಲೆಯೂ ನ್ಯಾಯವಾದದ್ದೇ ಆಗಿರಬಹುದು. ಕೊಂಡವರಿಗೆ ಆ ವಸ್ತು ಬೇಕಾಗಿರಲಿಲ್ಲ ಎಂಬುದಷ್ಟೇ ಉಳಿಯುವ ದೂರು.

ಮೋಸಹೋಗುವುದನ್ನು ಹೇಳುವ ನುಡಿಗಟ್ಟುಗಳು ಕನ್ನಡದಲ್ಲಿ ಹೇರಳವಾಗಿವೆ. ಮನಸ್ಸಿಲ್ಲದೆ ಒಪ್ಪಿಕೊಳ್ಳುವವರ ಸಂಕಟವನ್ನು ಹೇಳುವ ಪದಗಳೂ ಇವೆ. ಆದರೆ ಒತ್ತಡ ಹೇರುವ ಕ್ರಿಯೆಯನ್ನೇ ಗುರುತಿಸಿ, ಅದರ ಹೊಣೆಯನ್ನು ಮಾರುವವರ ಮೇಲಿಡುವ ಪದಗಳು ವಿರಳ. ಈ ಕೊರತೆಯ ಪರಿಣಾಮ ಪೇಟೆಯ ಮಾತುಕತೆಯಲ್ಲಷ್ಟೇ ಅಲ್ಲ, ಗ್ರಾಹಕರ ದೂರುಗಳಲ್ಲಿಯೂ ಕಾಣಸಿಗುತ್ತದೆ.

ಕನ್ನಡದಲ್ಲಿರುವ ಪದಗಳು

ಮಾರುವವರ ಒತ್ತಾಯಕ್ಕೆ ಕನ್ನಡದಲ್ಲಿ ಹೆಚ್ಚಾಗಿ ಬಳಕೆಯಾಗುವುದು 'ದುಂಬಾಲು ಬೀಳು' ಮತ್ತು 'ಗಂಟು ಬೀಳು'. ದುಂಬಾಲು ಎಂಬುದು ಪಾರಸಿಯ ಮೂಲದ ಪದ. ಬಾಲ, ಹಿಂಭಾಗ ಎಂಬುದು ಅದರ ಅರ್ಥ. ದುಂಬಾಲು ಬೀಳುವುದೆಂದರೆ ಬಾಲದಂತೆ ಹಿಂದೆಯೇ ಬರುವುದು. ಎರಡೂ ನುಡಿಗಟ್ಟುಗಳಲ್ಲಿ ಮಾರುವವನು 'ಬೀಳುತ್ತಾನೆ' ಎಂಬುದನ್ನು ಗಮನಿಸಬೇಕು. ಬೀಳುವವನು ಕೆಳಗಿರುವವನು, ಬೇಡುವವನು. ಹೀಗೆ ಭಾಷೆಯೇ ಒತ್ತಡ ಹೇರುವವನಿಗೆ ಯಾಚಕನ ವೇಷವನ್ನು ಕೊಡುತ್ತದೆ. ಬೇಡುವವನನ್ನು ಬರಿಗೈಯಲ್ಲಿ ಕಳುಹಿಸುವುದು ಒಳ್ಳೆಯತನವಲ್ಲ ಎಂಬ ಸಂಸ್ಕಾರವುಳ್ಳವರು ಆ ಕ್ಷಣವೇ ಅರ್ಧ ಸೋತಿರುತ್ತಾರೆ.

'ತಲೆಗೆ ಕಟ್ಟು' ಎಂಬ ಮಾತು ಇದಕ್ಕೆ ಅಪವಾದ. ಬೇಡವಾದದ್ದನ್ನು ಇನ್ನೊಬ್ಬರ ಮೇಲೆ ಹೊರಿಸುವ ಕೃತ್ಯವನ್ನು ಇದು ನೇರವಾಗಿ ಹೇಳುತ್ತದೆ; ಕಟ್ಟಿದವನೇ ಇಲ್ಲಿ ಕರ್ತೃ. ಹಾಲು ಬತ್ತಿದ ಎಮ್ಮೆಯನ್ನು ತಲೆಗೆ ಕಟ್ಟಿದರು, ಹಳೆಯ ದಾಸ್ತಾನನ್ನು ತಲೆಗೆ ಕಟ್ಟಿದರು ಎಂದು ಜನ ಹೇಳುತ್ತಾರೆ. ಆದರೆ ಕಟ್ಟಿದ್ದು ಹೇಗೆ ಎಂಬುದನ್ನು ಈ ಮಾತೂ ತಿಳಿಸುವುದಿಲ್ಲ.

ವ್ಯವಹಾರ ಮುಗಿದ ಮೇಲೆ ಬರುವ ನುಡಿಗಟ್ಟುಗಳ ಸಂಖ್ಯೆ ದೊಡ್ಡದು: ಟೋಪಿ ಹಾಕು, ಪಂಗನಾಮ ಹಾಕು, ಮಂಕುಬೂದಿ ಎರಚು, ಚಳ್ಳೆಹಣ್ಣು ತಿನ್ನಿಸು, ಮೂಗಿಗೆ ತುಪ್ಪ ಸವರು. ಚಳ್ಳೆ ಎಂಬುದು ಅಂಟಿನಂತಹ ತಿರುಳಿರುವ ಹಣ್ಣು. ಬಾಯಿಗೆ ಹಾಕಿಕೊಂಡವರು ಉಗುಳಲೂ ಆರದೆ ನುಂಗಲೂ ಆರದೆ ಒದ್ದಾಡಬೇಕು. ಈ ನುಡಿಗಟ್ಟುಗಳೆಲ್ಲ ಚಿತ್ರವತ್ತಾಗಿವೆ, ಹಾಸ್ಯಮಯವಾಗಿವೆ. ಆದರೆ ಹಾಸ್ಯದ ಗುರಿ ಯಾರು? ತಲೆಯ ಮೇಲೆ ಟೋಪಿ, ಹಣೆಯ ಮೇಲೆ ನಾಮ ಇರುವುದು ಮೋಸಹೋದವರಿಗೆ. ಹಾಕಿದವನು ಚಿತ್ರದಿಂದ ಮರೆಯಾಗಿದ್ದಾನೆ, ಇಲ್ಲವೇ ಜಾಣನೆಂದು ಮೆಚ್ಚುಗೆ ಪಡೆದಿದ್ದಾನೆ. 'ಟೋಪಿ ಹಾಕಿಸಿಕೊಂಡ' ಎಂಬ ರೂಪವಂತೂ ತಪ್ಪನ್ನು ಪೂರ್ತಿಯಾಗಿ ಕೊಂಡವನಿಗೇ ಒಪ್ಪಿಸುತ್ತದೆ. 'ಮಾತಿಗೆ ಮಾರುಹೋದ' ಎಂಬಲ್ಲಿ ಮಾರಾಟವಾಗುವುದು ಸರಕಲ್ಲ, ಕೊಳ್ಳುವವನೇ.

ಪತ್ರಿಕೆಗಳ ಭಾಷೆಯಲ್ಲಿ ಪ್ರಚಲಿತವಿರುವ ಪದ 'ಆಮಿಷ'. ಸಂಸ್ಕೃತದಲ್ಲಿ ಇದಕ್ಕೆ ಮಾಂಸವೆಂದೂ, ಗಾಳಕ್ಕೆ ಸಿಕ್ಕಿಸುವ ಎರೆ ಎಂದೂ ಅರ್ಥವಿದೆ. 'ಆಮಿಷವೊಡ್ಡಿ ವಂಚನೆ' ಎಂಬ ಶೀರ್ಷಿಕೆ ಓದುಗರಿಗೆ ಚಿರಪರಿಚಿತ. ಆಮಿಷಕ್ಕೆ ಬಲಿಯಾಗಲು ಆಸೆ ಇರಬೇಕೆಂಬ ಊಹೆ ಈ ಪದದೊಳಗೇ ಇದೆ. ಆಸೆಯಿಂದಲ್ಲ, ಸಂಕೋಚದಿಂದ ಕೊಂಡವರಿಗೆ ಈ ಶೀರ್ಷಿಕೆ ಒಪ್ಪುವುದಿಲ್ಲ. ಅವರ ಸಂಗತಿ ಸುದ್ದಿಯೂ ಆಗುವುದಿಲ್ಲ.

ದಾಕ್ಷಿಣ್ಯ ಮತ್ತು ಮುಲಾಜು

ಒತ್ತಡದ ಮಾರಾಟವು ಕನ್ನಡ ಸಮಾಜದಲ್ಲಿ ಯಾವ ಹಿಡಿಕೆಯನ್ನು ಹಿಡಿದು ಕೆಲಸಮಾಡುತ್ತದೆಂದು ತಿಳಿಯಲು ಈ ಎರಡು ಪದಗಳು ಮುಖ್ಯ. ದಾಕ್ಷಿಣ್ಯ ಎಂದರೆ ಸಂಸ್ಕೃತದಲ್ಲಿ ಸೌಜನ್ಯ, ಇತರರ ಮನಸ್ಸು ನೋಯದಂತೆ ನಡೆಯುವ ನಯ. ಅಲಂಕಾರಶಾಸ್ತ್ರದ 'ದಕ್ಷಿಣ ನಾಯಕ' ಹಲವರೊಡನೆ ಸಮಾನವಾದ ಆದರದಿಂದ ನಡೆದುಕೊಳ್ಳುವವನು. ಅವನ ಪಕ್ಕದಲ್ಲೇ ಮಾತಿನಲ್ಲಿ ಸವಿಯಾಗಿದ್ದು ಒಳಗೆ ಬೇರೆಯಾಗಿರುವ 'ಶಠ'ನನ್ನೂ ಶಾಸ್ತ್ರಕಾರರು ಇರಿಸಿದ್ದಾರೆಂಬುದು ಪ್ರಸ್ತುತ ವಿಷಯಕ್ಕೆ ಅಷ್ಟೇನೂ ದೂರವಲ್ಲ. ಕನ್ನಡದಲ್ಲಿ ದಾಕ್ಷಿಣ್ಯಕ್ಕೆ ಇನ್ನೊಂದು ಅರ್ಥವೂ ಬೆಳೆದಿದೆ: ಎದುರಿಗಿರುವವರ ಮುಖ ನೋಡಿ 'ಇಲ್ಲ' ಎನ್ನಲಾರದ ಸ್ಥಿತಿ. 'ದಾಕ್ಷಿಣ್ಯಕ್ಕೆ ಬಸುರಾದಂತೆ' ಎಂಬ ಗಾದೆ ಈ ಅರ್ಥದ ಕಟುರೂಪ.

ಮುಲಾಜು ಅರಬ್ಬಿ ಮೂಲದಿಂದ ಹಿಂದೂಸ್ತಾನಿಯ ಮೂಲಕ ಬಂದದ್ದು. ಗಮನ, ಗೌರವ ಎಂಬ ಅರ್ಥದಿಂದ ಹೊರಟು ಕನ್ನಡದಲ್ಲಿ ಹಂಗು ಎಂಬರ್ಥಕ್ಕೆ ಸಮೀಪಿಸಿದೆ. ಪರಿಚಿತರ ಮುಲಾಜಿಗೆ ಬಿದ್ದು ವಿಮೆ ಮಾಡಿಸಿದೆ, ಚೀಟಿಗೆ ಸೇರಿದೆ ಎನ್ನುವವರು ಸಿಗದ ಬೀದಿಯಿಲ್ಲ.

ಈ ಎರಡರ ವಿರುದ್ಧಪದಗಳನ್ನು ನೋಡಿದರೆ ವಿಷಯ ಮತ್ತಷ್ಟು ಸ್ಪಷ್ಟವಾಗುತ್ತದೆ. 'ನಿರ್ದಾಕ್ಷಿಣ್ಯ ಕ್ರಮ', 'ಮುಲಾಜಿಲ್ಲದೆ ತೆರವು' ಮುಂತಾದವು ಅಧಿಕಾರಿಗಳ ಹೇಳಿಕೆಯ ಭಾಷೆ, ದಂಡನೆಯ ಭಾಷೆ. ಅಂಗಡಿಯಲ್ಲಿ ಕುಳಿತ ಸಾಮಾನ್ಯ ಗೃಹಸ್ಥರು ಸೀರೆಯೊಂದನ್ನು ಬೇಡವೆನ್ನಲು ಅಷ್ಟು ಕಠೋರವಾಗಬೇಕೆಂದು ಭಾಷೆಯೇ ಹೆದರಿಸುತ್ತದೆ. ದಾಕ್ಷಿಣ್ಯವಿರುವುದು ಗುಣವೆಂದೇ ಎಣಿಕೆಯಾಗಿರುವುದರಿಂದ, ಅದನ್ನು ಬಳಸಿಕೊಂಡವರ ಮೇಲೆ ತಪ್ಪು ಹೊರಿಸಲು ಸಿದ್ಧವಾದ ಮಾತಿಲ್ಲ.

ವ್ಯಾಪಾರಿಗಳೂ ದಾಕ್ಷಿಣ್ಯಕ್ಕೆ ಹೊರತಾದವರಲ್ಲ. 'ಇಂದು ನಗದು, ನಾಳೆ ಉದ್ರಿ', 'ದಯವಿಟ್ಟು ಸಾಲ ಕೇಳಬೇಡಿ', 'ಒಂದೇ ದರ' ಎಂಬ ಫಲಕಗಳು ಕಿರಾಣಿ ಅಂಗಡಿಗಳ ಗೋಡೆಯ ಮೇಲೆ ದೇವರ ಪಟದ ಪಕ್ಕದಲ್ಲಿ ಇರುತ್ತವೆ. ಪರಿಚಿತ ಗಿರಾಕಿಯ ಮುಖಕ್ಕೆ ಹೇಳಲಾರದ 'ಇಲ್ಲ'ವನ್ನು ಅಂಗಡಿಯವರ ಪರವಾಗಿ ಆ ಫಲಕ ಹೇಳುತ್ತದೆ. ಕೊಳ್ಳಲು ಬರುವವರ ಕೊರಳಲ್ಲಿ ಅಂತಹ ಫಲಕವಿರುವುದಿಲ್ಲ.

ಪೇಟೆಯಲ್ಲಿ: ದುರ್ಗಿಗುಡಿಯ ನಿದರ್ಶನ

ದುರ್ಗಿಗುಡಿ ಶಿವಮೊಗ್ಗ ನಗರದ ನಡುವೆ, ತನ್ನ ಹೆಸರಿನಲ್ಲಿ ದೇವಿಯ ಗುಡಿಯನ್ನು ಉಳಿಸಿಕೊಂಡಿರುವ ಪೇಟೆ. ನೆಹರೂ ರಸ್ತೆ ಮತ್ತು ಗಾಂಧಿ ಬಜಾರುಗಳೊಡನೆ ಇದು ನಗರದ ವ್ಯಾಪಾರದ ಕೇಂದ್ರ. ತೀರ್ಥಹಳ್ಳಿ, ಹೊಸನಗರ, ಸಾಗರ, ಭದ್ರಾವತಿಗಳಿಂದ ಮದುವೆಯ ಜವಳಿಗೆ, ಒಡವೆಗೆ, ವೈದ್ಯರ ಭೇಟಿಗೆ ಬರುವವರು ಸಂಜೆಯ ಬಸ್ಸಿಗೆ ಹಿಂದಿರುಗಬೇಕಾಗಿರುತ್ತದೆ. ಈ ಬಸ್ಸಿನ ಸಮಯವೇ ಮಾರುವವರ ಪಾಲಿಗೆ ಒಂದು ಅನುಕೂಲ. ದೂರದಿಂದ ಬಂದವರು 'ನಾಳೆ ಬರುತ್ತೇನೆ' ಎನ್ನಲಾರರು. ಕೆಳಗೆ ಹೇಳಿರುವುದು ಯಾವುದೋ ಒಂದು ಅಂಗಡಿಯ ನಡವಳಿಕೆಯಲ್ಲ. ಕರ್ನಾಟಕದ ಯಾವ ಜಿಲ್ಲಾಕೇಂದ್ರದ ಪೇಟೆಯಲ್ಲಾದರೂ ಇದನ್ನು ಕಾಣಬಹುದು.

ವ್ಯವಹಾರ ಆರಂಭವಾಗುವುದು ಬಂಧುವಾಚಕಗಳಿಂದ. 'ಬನ್ನಿ ಅಕ್ಕಾ, ಒಳಗೆ ಬನ್ನಿ, ನೋಡೋದಕ್ಕೇನು ದುಡ್ಡಿಲ್ಲ' ಎಂಬ ಕರೆಯಲ್ಲಿ ಅಪರಿಚಿತೆ ಒಂದೇ ಮಾತಿಗೆ ಅಕ್ಕನಾಗುತ್ತಾಳೆ. ಹಿರಿಯರು ಅಮ್ಮ, ಯಜಮಾನರು. ಪೇಟೆಯವರಂತೆ ಕಂಡವರು ಸಾರ್, ಮೇಡಂ. ಕುಳ್ಳಿರಿಸಿ ನೀರು, ಕಾಫಿ ಅಥವಾ ತಂಪುಪಾನೀಯ ಕೊಟ್ಟ ಮೇಲೆ ಬಿಳಿ ಹಾಸಿನ ಮೇಲೆ ಸೀರೆಗಳು ಒಂದರ ಮೇಲೊಂದು ಬಿಚ್ಚಿಕೊಳ್ಳುತ್ತವೆ. ಒಂದನ್ನು ಕೇಳಿದರೆ ಹತ್ತು ಬರುತ್ತವೆ. ಇಪ್ಪತ್ತು ಸೀರೆಗಳ ರಾಶಿಯ ಮುಂದೆ ಕುಳಿತವರಿಗೆ, ಅವನ್ನೆಲ್ಲ ಮತ್ತೆ ಮಡಿಸಬೇಕಾದ ಹುಡುಗಿ ಎದುರಿಗೇ ನಿಂತಿರುವುದು ಕಾಣುತ್ತಿರುತ್ತದೆ. (ಅಂಗಡಿಯ ಕೆಲಸಗಾರರಿಗೆ ಕುಳಿತುಕೊಳ್ಳುವ ಸೌಲಭ್ಯವಿರಬೇಕೆಂದು ಕೇರಳವು 2018ರಲ್ಲಿ, ತಮಿಳುನಾಡು 2021ರಲ್ಲಿ ಕಾಯಿದೆಯನ್ನು ತಿದ್ದಿದವು, ದಿನವಿಡೀ ನಿಲ್ಲುವುದು ಎಷ್ಟು ಸಾಮಾನ್ಯವೆಂಬುದಕ್ಕೆ ಆ ತಿದ್ದುಪಡಿಗಳೇ ಸಾಕ್ಷಿ.) ಆ ಹುಡುಗಿಗೂ ತಿಂಗಳ ಟಾರ್ಗೆಟ್ ಇರಬಹುದು. ಒತ್ತಡವು ಮಾಲೀಕರಿಂದ ಕೆಲಸಗಾರರ ಮೂಲಕ ಗಿರಾಕಿಗೆ ಇಳಿಯುತ್ತದೆ.

ಬೆಳಗಿನ ಹೊತ್ತಾದರೆ 'ಬೋಣಿ'ಯ ಮಾತು ಬರುತ್ತದೆ. ದಿನದ ಮೊದಲ ಮಾರಾಟಕ್ಕೆ ಬೋಣಿ ಎಂದು ಹೆಸರು. ಬೋಣಿಯ ಗಿರಾಕಿ ಬರಿಗೈಯಲ್ಲಿ ಹೋದರೆ ಆ ದಿನದ ವ್ಯಾಪಾರ ಕೆಡುತ್ತದೆಂಬ ನಂಬಿಕೆಯಿದೆ. ನಂಬಿಕೆ ಪ್ರಾಮಾಣಿಕವಾದದ್ದೇ ಇರಬಹುದು. ಆದರೆ ಅದನ್ನು ಬಾಯಿಬಿಟ್ಟು ಹೇಳಿದೊಡನೆ ಇನ್ನೊಬ್ಬರ ಒಂದು ದಿನದ ಅದೃಷ್ಟ ಕೊಳ್ಳುವವರ ಹೊಣೆಯಾಗುತ್ತದೆ.

ಗಡುವನ್ನು ಪಂಚಾಂಗವೇ ಒದಗಿಸುತ್ತದೆ. ಮದುವೆ ಮುಂಜಿಗಳಿಲ್ಲದ ಆಷಾಢದಲ್ಲಿ ಜವಳಿ ಅಂಗಡಿಗಳು ರಿಯಾಯಿತಿ ಮಾರಾಟ ನಡೆಸುತ್ತವೆ. ಅಕ್ಷಯ ತೃತೀಯದಂದು ಗುಲಗಂಜಿ ತೂಕದಷ್ಟಾದರೂ ಚಿನ್ನ ಕೊಳ್ಳಬೇಕೆಂಬ ಪ್ರಚಾರ ಒಡವೆ ಅಂಗಡಿಗಳ ಮುಂದೆ ಸಾಲು ನಿಲ್ಲಿಸುತ್ತದೆ. 'ಇವತ್ತೇ ಕೊನೆ' ಎಂಬ ಮಾತು ಇಲ್ಲಿ ಸುಳ್ಳಲ್ಲ, ತಿಥಿ ನಿಜಕ್ಕೂ ಮುಗಿಯುತ್ತದೆ.

ಬೆಲೆ ಹಂತಹಂತವಾಗಿ ಏರುವ ಬಗೆಗೆ ಒಡವೆಯ ಬಿಲ್ಲು ಒಳ್ಳೆಯ ಉದಾಹರಣೆ. ಹೊರಗಿನ ಫಲಕದಲ್ಲಿರುವುದು ಗ್ರಾಂ ಚಿನ್ನದ ಅಂದಿನ ದರ. ಸರ ಕೊರಳಿಗೆ ಬಂದು, ಕನ್ನಡಿ ನೋಡಿ, ಮನೆಯವರೆಲ್ಲ ಒಪ್ಪಿದ ಮೇಲೆ ವೇಸ್ಟೇಜ್, ಮಜೂರಿ ಮತ್ತು ಶೇ. 3ರ ಜಿಎಸ್‌ಟಿ ಸೇರುತ್ತವೆ. ಇವು ಯಾವುವೂ ಗುಟ್ಟಲ್ಲ, ಕಾನೂನುಬಾಹಿರವೂ ಅಲ್ಲ. ಆದರೆ ಒಪ್ಪಿಗೆ ಮೊದಲು, ಪೂರ್ಣ ಬೆಲೆ ಆಮೇಲೆ ಎಂಬ ಅನುಕ್ರಮ ತಾನಾಗಿ ಆದದ್ದಲ್ಲ. ಮೊಬೈಲ್ ಅಂಗಡಿಗಳಲ್ಲಿ ಕೇಳುವ ಮೊದಲೇ ಪರದೆಗೆ ಗಾಜು ಅಂಟಿಸಿಬಿಡುವುದು ಇದೇ ತತ್ತ್ವದ ಕಿರುರೂಪ.

ಮುಂಗಡದ ಹಣಕ್ಕೆ ಕನ್ನಡದ ಹಳೆಯ ಹೆಸರು 'ಸಂಚಕಾರ'. ಕೊಟ್ಟ ಮಾತನ್ನು ಸತ್ಯವಾಗಿಸುವುದು ಎಂಬರ್ಥದ 'ಸತ್ಯಂಕಾರ'ದ ತದ್ಭವವಿದು. ಇಂದು ಈ ಪದ ಆ ಅರ್ಥದಲ್ಲಿ ಬಹುತೇಕ ಮರೆತುಹೋಗಿ, 'ಪ್ರಾಣಕ್ಕೆ ಸಂಚಕಾರ' ಎಂಬಲ್ಲಿ ಅಪಾಯವೆಂಬ ಅರ್ಥದಲ್ಲಿ ಉಳಿದಿದೆ. ವ್ಯವಹಾರದಲ್ಲಿ ಈಗ ಅಡ್ವಾನ್ಸ್, ಟೋಕನ್ ಎನ್ನುತ್ತಾರೆ. 'ಐನೂರು ಕೊಟ್ಟು ಹೋಗಿ ಸಾಕು, ತೆಗೆದಿಡ್ತೀವಿ' ಎಂಬ ಮಾತಿಗೆ ಒಪ್ಪಿದವರು ಮರಳಿ ಬಂದೇ ಬರುತ್ತಾರೆಂಬುದು ಮಾರುವವರ ಅನುಭವ.

ಅಡಿಕೆ ಮಂಡಿ ಮತ್ತು ದನದ ಪರಿಷೆ

ಒತ್ತಡ ಯಾವಾಗಲೂ ಕೊಳ್ಳುವವರ ಮೇಲೆಯೇ ಬೀಳಬೇಕೆಂದಿಲ್ಲ. ಮಲೆನಾಡಿನ ಅಡಿಕೆ ವ್ಯವಹಾರದಲ್ಲಿ ಅದು ಮಾರುವವರ ಮೇಲಿತ್ತು. ಮಂಡಿಯಿಂದ ಮುಂಗಡ ಪಡೆದ ಬೆಳೆಗಾರರು ತಮ್ಮ ಫಸಲನ್ನು ಅದೇ ಮಂಡಿಗೆ ಹಾಕಬೇಕಾಗುತ್ತಿತ್ತು. ಸಾಲದ ಹಂಗಿನಲ್ಲಿ ಬೆಲೆಯ ಮಾತೆತ್ತುವುದು ಕಷ್ಟವಾಗಿತ್ತು. ಈ ಕಟ್ಟನ್ನು ಸಡಿಲಿಸಲು ಬೆಳೆಗಾರರು ಕಂಡುಕೊಂಡ ದಾರಿ ಸಹಕಾರಿ ಮಾರಾಟ. ಶಿರಸಿಯಲ್ಲಿ 1923ರಲ್ಲಿ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ, ಶಿವಮೊಗ್ಗದಲ್ಲಿ 1939ರಲ್ಲಿ 'ಮ್ಯಾಮ್ಕೋಸ್' ಎಂದು ಪ್ರಸಿದ್ಧವಾದ ಮಲೆನಾಡು ಅಡಿಕೆ ಮಾರಾಟ ಸಹಕಾರ ಸಂಘ ಹುಟ್ಟಿದವು. ಸಂಘದಲ್ಲಿ ಬೆಲೆ ನಿಗದಿಯಾಗುವುದು ಖರೀದಿದಾರರ ಟೆಂಡರಿನಿಂದ. ಬೆಳೆಗಾರರು ಯಾರ ಮುಖವನ್ನೂ ನೋಡಿ ದಾಕ್ಷಿಣ್ಯಪಡಬೇಕಾಗಿಲ್ಲ.

ದನದ ಪರಿಷೆಗಳಲ್ಲಿ ಇದಕ್ಕೆ ಬೇರೆಯೇ ಉಪಾಯವಿತ್ತು. ದಲ್ಲಾಳಿಯೂ ರೈತನೂ ಟವೆಲಿನ ಕೆಳಗೆ ಕೈಹಿಡಿದು ಬೆರಳುಗಳನ್ನು ಒತ್ತಿ ಬೆಲೆ ಮಾತಾಡಿಕೊಳ್ಳುತ್ತಿದ್ದರು. ದಲ್ಲಾಳಿಗೆ ಅನುಕೂಲವಾದ ಪದ್ಧತಿಯೆಂದು ಇದನ್ನು ಟೀಕಿಸಲಾಗಿದೆ. ಸುತ್ತ ನಿಂತವರು 'ಕೊಟ್ಬಿಡಪ್ಪಾ, ಒಳ್ಳೆ ಬೆಲೆ' ಎಂದು ಒತ್ತಾಯಿಸಲು ಅಲ್ಲಿ ಎಡೆಯಿರಲಿಲ್ಲ ಎಂಬುದು ಟೀಕಾಕಾರರು ಅಷ್ಟಾಗಿ ಗಮನಿಸದ ಸಂಗತಿ.

ಮನೆಬಾಗಿಲು, ಬ್ಯಾಂಕು, ಬಂಧುಗಳು

ಮನೆಬಾಗಿಲಿಗೆ ಬರುವ ಮಾರಾಟದಲ್ಲಿ ಕೊಳ್ಳುವವರಿಗೆ ಎದ್ದುಹೋಗುವ ಆಯ್ಕೆಯೇ ಇಲ್ಲ, ಬಂದವರನ್ನು ಎಬ್ಬಿಸಬೇಕು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1972ರಲ್ಲಿ ಇಂತಹ ಮಾರಾಟಗಳನ್ನು ಮೂರು ವ್ಯಾವಹಾರಿಕ ದಿನಗಳೊಳಗೆ ರದ್ದುಮಾಡುವ ಹಕ್ಕನ್ನು ನೀಡುವ ನಿಯಮ ರೂಪಿಸಿತು. ಮನೆಮನೆಗೆ ಬೈಬಲ್ ಮಾರುವವರ ಬವಣೆಯನ್ನು ಚಿತ್ರಿಸಿದ, ಮೇಸಲ್ಸ್ ಸೋದರರ 'ಸೇಲ್ಸ್‌ಮನ್' ಎಂಬ ಸಾಕ್ಷ್ಯಚಿತ್ರವೂ ಅದೇ ಕಾಲದ್ದು.

ನಿವೃತ್ತಿಯ ಇಡಿಗಂಟು ಕೈಸೇರುವ ಹೊತ್ತು ಇನ್ನಷ್ಟು ಸೂಕ್ಷ್ಮವಾದದ್ದು. ಉಕ್ಕು ಮತ್ತು ಕಾಗದದ ಕಾರ್ಖಾನೆಗಳನ್ನು ನಂಬಿ ಬೆಳೆದ ಭದ್ರಾವತಿಯಂತಹ ಊರಿನಲ್ಲಿ ಯಾರು ಯಾವಾಗ ನಿವೃತ್ತರಾದರೆಂಬುದು ಗುಟ್ಟಾಗಿ ಉಳಿಯುವುದಿಲ್ಲ. ಠೇವಣಿ ಇಡಲು ಹೋದವರಿಗೆ ವಿಮೆಯನ್ನು 'ಇದೂ ಎಫ್‌ಡಿ ಥರಾನೇ' ಎಂದು ಪರಿಚಯಿಸುವುದನ್ನು ಆರ್ಥಿಕ ವಲಯದಲ್ಲಿ 'ಮಿಸ್ ಸೆಲ್ಲಿಂಗ್' ಎನ್ನುತ್ತಾರೆ. ಈ ಪದಕ್ಕೆ ಕನ್ನಡದಲ್ಲಿ ನೆಲೆನಿಂತ ಸಾಟಿಪದವಿಲ್ಲ. 'ತಲೆಗೆ ಕಟ್ಟು' ಎಂಬುದೇ ಹತ್ತಿರದ್ದು.

ಬಂಧುಗಳೂ ಸಹೋದ್ಯೋಗಿಗಳೂ ಮಾರುವವರಾದಾಗ ಒತ್ತಡ ಹೇರಬೇಕಾದ ಅಗತ್ಯವೇ ಇರುವುದಿಲ್ಲ. ಬಹುಹಂತದ ಮಾರಾಟಜಾಲಗಳು ನೆಚ್ಚಿಕೊಂಡಿರುವುದು ಇದನ್ನೇ. ಸದಸ್ಯರನ್ನು ಸೇರಿಸುವುದರಿಂದಲೇ ಹಣ ಗಳಿಸುವ ಯೋಜನೆಗಳನ್ನು 1978ರ ಪ್ರೈಜ್ ಚಿಟ್ಸ್ ಮತ್ತು ಹಣ ಚಲಾವಣೆ ಯೋಜನೆಗಳ (ನಿಷೇಧ) ಕಾಯಿದೆ ನಿರ್ಬಂಧಿಸಿದೆ.

ಮನಶ್ಶಾಸ್ತ್ರದ ವಿವರಣೆ

ಜೊನಾಥನ್ ಫ್ರೀಡ್‌ಮನ್ ಮತ್ತು ಸ್ಕಾಟ್ ಫ್ರೇಸರ್ 1966ರಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧವಾದದ್ದು. ಕ್ಯಾಲಿಫೋರ್ನಿಯದ ನಿವಾಸಿಗಳನ್ನು, ಎಚ್ಚರಿಕೆಯಿಂದ ವಾಹನ ಚಲಾಯಿಸಿ ಎಂಬ ದೊಡ್ಡದೂ ವಿಕಾರವೂ ಆದ ಫಲಕವನ್ನು ತಮ್ಮ ಮನೆಯಂಗಳದಲ್ಲಿ ನಿಲ್ಲಿಸಲು ಕೇಳಲಾಯಿತು. ನೇರವಾಗಿ ಕೇಳಿದಾಗ ಐವರಲ್ಲಿ ಒಬ್ಬರೂ ಒಪ್ಪಲಿಲ್ಲ. ಮೊದಲು ಅದೇ ವಿಷಯದ ಪುಟ್ಟ ಚೀಟಿಯೊಂದನ್ನು ಹಚ್ಚಿಕೊಳ್ಳಲು ಒಪ್ಪಿಸಿ, ಕೆಲವು ದಿನಗಳ ನಂತರ ಕೇಳಿದಾಗ ನಾಲ್ವರಲ್ಲಿ ಮೂವರು ಒಪ್ಪಿದರು. ಬಾಗಿಲಲ್ಲಿ ಕಾಲಿಡುವ ತಂತ್ರವೆಂಬ ಹೆಸರು ಇದರಿಂದ ಪ್ರಚಾರಕ್ಕೆ ಬಂತು. ಐನೂರು ರೂಪಾಯಿಯ ಸಂಚಕಾರ ಕೆಲಸಮಾಡುವುದೂ ಹೀಗೆಯೇ. ರಾಬರ್ಟ್ ಚಾಲ್ಡೀನಿ 1984ರ 'ಇನ್‌ಫ್ಲುಯೆನ್ಸ್' ಗ್ರಂಥದಲ್ಲಿ ವಿವರಿಸಿದ ಪ್ರತ್ಯುಪಕಾರದ ತತ್ತ್ವಕ್ಕೆ ಜವಳಿ ಅಂಗಡಿಯ ಕಾಫಿಯೇ ನಿದರ್ಶನವಾದೀತು.

ಕಾನೂನು

1872ರ ಭಾರತೀಯ ಕರಾರು ಕಾಯಿದೆಯ 16ನೆಯ ಕಲಮು 'ಅನುಚಿತ ಪ್ರಭಾವ'ವನ್ನು ವಿವರಿಸುತ್ತದೆ. ಇನ್ನೊಬ್ಬರ ಇಚ್ಛೆಯ ಮೇಲೆ ಯಜಮಾನಿಕೆ ನಡೆಸಬಲ್ಲ ಸ್ಥಾನದಲ್ಲಿರುವವರು ಆ ಸ್ಥಾನವನ್ನು ಅನ್ಯಾಯದ ಲಾಭಕ್ಕೆ ಬಳಸಿಕೊಂಡಿದ್ದರೆ, ನೊಂದವರು ಕರಾರನ್ನು ರದ್ದುಪಡಿಸಿಕೊಳ್ಳಬಹುದು. 'ಅಕ್ಕಾ' ಎಂದು ಕರೆದು ಕಾಫಿ ಕೊಟ್ಟವರಿಗೆ ಅಂತಹ ಸ್ಥಾನವಿತ್ತೆಂದು ವಾದಿಸುವುದು ಕಠಿಣ.

2019ರ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈ 20ರಿಂದ ಜಾರಿಗೆ ಬಂತು. ಬಿಲ್ಲು ಕೊಡದಿರುವುದನ್ನೂ, ದೋಷಯುಕ್ತ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ಹಿಂಪಡೆಯಲು ನಿರಾಕರಿಸುವುದನ್ನೂ ಅದು ಅನುಚಿತ ವ್ಯಾಪಾರ ಪದ್ಧತಿಯೆಂದು ಪರಿಗಣಿಸುತ್ತದೆ. 'ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ' ಎಂಬ ಫಲಕ ದೋಷಯುಕ್ತ ಸರಕಿನ ಮಟ್ಟಿಗೆ ಅಂಗಡಿಯವರ ರಕ್ಷಣೆಗೆ ಬಾರದು. ಆದರೆ ದೋಷವಿಲ್ಲದ ಸರಕನ್ನು ಮನಸ್ಸು ಬದಲಾಯಿತೆಂದು ಹಿಂದಿರುಗಿಸುವ ಸಾಮಾನ್ಯ ಹಕ್ಕು ಅಂಗಡಿ ಖರೀದಿಯಲ್ಲಿ ಇಲ್ಲ. 2021ರ ನೇರ ಮಾರಾಟ ನಿಯಮಗಳ ಪ್ರಕಾರ ಮನೆಗೆ ಬರುವ ಮಾರಾಟಗಾರರು ಗುರುತಿನ ಚೀಟಿ ಹೊಂದಿರಬೇಕು, ಮುಂಚಿತವಾಗಿ ಒಪ್ಪಿಗೆ ಪಡೆದು ಬರಬೇಕು. ಜೀವವಿಮೆಯಲ್ಲಿ 'ಫ್ರೀ ಲುಕ್' ಎಂಬ ಮರುಪರಿಶೀಲನೆಯ ಅವಧಿಯಿದೆ. 2024ರ ನಿಯಮಾವಳಿ ಅದನ್ನು ಪಾಲಿಸಿಯ ದಾಖಲೆ ಕೈಸೇರಿದ ದಿನದಿಂದ 30 ದಿನಗಳೆಂದು ಗೊತ್ತುಪಡಿಸಿತು. ಮುಲಾಜಿಗೆ ಬಿದ್ದು ಸಹಿ ಹಾಕಿದವರಿಗೆ ಇದು ಬಹಳ ಉಪಯುಕ್ತವಾದ ನಿಯಮ.

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಗಳು 'ಡಾರ್ಕ್ ಪ್ಯಾಟರ್ನ್' ಎಂಬ 13 ಬಗೆಯ ಕುಟಿಲ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಿದವು. ಸುಳ್ಳು ತುರ್ತು, ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಬೆಲೆಯನ್ನು ಹನಿಹನಿಯಾಗಿ ಬಿಚ್ಚಿಡುವುದು, ಪದೇಪದೇ ಪೀಡಿಸುವುದು ಇವುಗಳಲ್ಲಿ ಸೇರಿವೆ. 'ಕನ್ಫರ್ಮ್ ಶೇಮಿಂಗ್' ಎಂಬುದು ಮತ್ತೊಂದು: ಬೇಡವೆನ್ನುವವರಲ್ಲಿ ನಾಚಿಕೆ ಅಥವಾ ಅಪರಾಧಭಾವ ಹುಟ್ಟಿಸುವ ಪದಪ್ರಯೋಗ. ವಿಮಾನದ ಟಿಕೆಟ್ ಕಾದಿರಿಸುವಾಗ ವಿಮೆ ಬೇಡವೆಂದವರಿಗೆ 'ನಾನು ಅಸುರಕ್ಷಿತವಾಗಿಯೇ ಇರುತ್ತೇನೆ' ಎಂಬ ಬಗೆಯ ವಾಕ್ಯವನ್ನು ಒತ್ತಿಸುವುದನ್ನು ಮಾರ್ಗಸೂಚಿಯೇ ಉದಾಹರಿಸಿದೆ. ದಾಕ್ಷಿಣ್ಯವನ್ನು ಬಳಸಿಕೊಳ್ಳುವುದು ಬಳಸಿಕೊಂಡವರ ತಪ್ಪು ಎಂದು ಇಲ್ಲಿ ಕಾನೂನು ಸ್ಪಷ್ಟವಾಗಿ ಹೇಳಿದಂತಾಗಿದೆ. ಈ ಮಾರ್ಗಸೂಚಿಗಳು ಅನ್ವಯಿಸುವುದು ಪರದೆಯ ಮೇಲಿನ ವಿನ್ಯಾಸಗಳಿಗೆ. 'ಮಗಳ ಮದುವೆಗೂ ಲೆಕ್ಕ ನೋಡ್ತೀರಾ ಅಮ್ಮಾ?' ಎಂದು ಅಂಗಡಿಯಲ್ಲಿ ಎದುರಾಎದುರು ಆಡಿದ ಮಾತಿಗಲ್ಲ.

ಗ್ರಾಹಕರು 1915 ಸಂಖ್ಯೆಯ ರಾಷ್ಟ್ರೀಯ ಸಹಾಯವಾಣಿಯನ್ನು ಸಂಪರ್ಕಿಸಬಹುದು. ಪಾವತಿಸಿದ ಮೊತ್ತ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ದೂರಿನಲ್ಲಿ ಸರಕಿನ ದೋಷ, ಸೇವೆಯ ನ್ಯೂನತೆ, ಅಧಿಕ ಬೆಲೆ ಅಥವಾ ಅನುಚಿತ ವ್ಯಾಪಾರ ಪದ್ಧತಿ ಇಂಥದ್ದೆಂದು ತೋರಿಸಬೇಕು. ಬಿಲ್ಲು, ಮುಂಗಡದ ರಸೀದಿ, ಪಾಲಿಸಿಯ ಪ್ರತಿ, ಸಂದೇಶಗಳು ಸಾಕ್ಷ್ಯವಾಗುತ್ತವೆ. ಬಾಯಿಮಾತಿನಲ್ಲಿ ನಡೆದ ಒತ್ತಾಯಕ್ಕೆ ಸಾಮಾನ್ಯವಾಗಿ ಸಾಕ್ಷಿಯಿರುವುದಿಲ್ಲ; ಇದ್ದರೂ ಅದು ಜೊತೆಗೆ ಬಂದಿದ್ದ ಮನೆಯವರದು, ಸೀರೆ ಚೆನ್ನಾಗಿದೆಯೆಂದು ಅಂದು ತಾವೂ ತಲೆದೂಗಿದ್ದವರದು.